ತಂಬೂರಿಯ ಜವಾರಿ ಗಿಟಾರ್ ಪೆಡಲ್‌ನಲ್ಲಿ: ಉದ್ಯಮಬಾಗಿನ ಹುಡುಗರ ಕೆಲಸ ಹೇಗಿದೆ?

ಮೊದಲೇ ಹೇಳಿಬಿಡುತ್ತೇನೆ. ಗಿಟಾರಿನ ಸದ್ದು ಬದಲಿಸುವ, ಕಾಲಲ್ಲಿ ಒತ್ತುವ ಡಬ್ಬಿ ಇದು. ಪೆಡಲ್ ಚೆನ್ನಾಗಿದೆ, 14,000 ರೂಪಾಯಿ ಕೊಟ್ಟಿದ್ದಕ್ಕೆ ಬೇಜಾರಿಲ್ಲ. ಆದರೆ ಗಿಟಾರ್ ಇರುವವರೆಲ್ಲ ಓಡಿಹೋಗಿ ಮಾಡಿಸಿಕೊಳ್ಳಿ ಅಂತ ಹೇಳಲಾರೆ. ಯಾಕೆ ಅಂತ ಮುಂದೆ ಬರುತ್ತದೆ.

ಬೆಳಗಾವಿಯ ಉದ್ಯಮಬಾಗಿನಲ್ಲಿ, ಫೌಂಡ್ರಿ ಮತ್ತು ಮಷಿನ್ ಶಾಪ್‌ಗಳ ನಡುವೆ, ಒಂದು ಚಿಕ್ಕ ಕೋಣೆಯಲ್ಲಿ ಇಬ್ಬರು ಹುಡುಗರು ಡಿಜಿಟಲ್ ಪೆಡಲ್ ಮಾಡುತ್ತಾರೆ. ಅಂಗಡಿಗೆ ಬೋರ್ಡಿಲ್ಲ, ಹೆಸರೂ ಇನ್ನೂ ಇಟ್ಟಿಲ್ಲ. ರೆಡಿಮೇಡ್ ಮಾಡೆಲ್‌ಗಳೂ ಇಲ್ಲ. ನಿಮಗೆ ಎಂಥ ಸೌಂಡ್ ಬೇಕು ಅಂತ ಹೇಳಿದರೆ ಅದಕ್ಕೊಂದು ಹೊಸ ಎಫೆಕ್ಟ್ ಯೋಚಿಸಿ, ಕೋಡ್ ಬರೆದು, ಅಲ್ಯೂಮಿನಿಯಂ ಡಬ್ಬಿಗೆ ಹಾಕಿ ಕೊಡುತ್ತಾರೆ. ಡಬ್ಬಿಗೆ ತೂತು ಕೊರೆಯುವುದು ಪಕ್ಕದ ಶೆಡ್ಡಿನಲ್ಲಿ. ಆ ಕೆಲಸ ಮಾತ್ರ ಎಷ್ಟು ನೀಟಾಗಿದೆ ಅಂದರೆ ಜ್ಯಾಕ್ ಸುತ್ತ ಒಂದು ಕೂದಲಷ್ಟೂ ಸಂದಿಯಿಲ್ಲ. ಈ ಊರಲ್ಲಿ ಮೆಟಲ್ ಕೆಲಸದ ಬಗ್ಗೆ ತಲೆಕೆಡಿಸಿಕೊಳ್ಳುವ ಹಾಗೇ ಇಲ್ಲ ಬಿಡಿ.

ನಾನು ಕೇಳಿದ್ದು ತಂಬೂರಿ. ಸುಮ್ನೆ ಹಿಂದೆ ತಂಬೂರಿ ಓಡಿಸಲು ಫೋನಿನ ಆ್ಯಪ್ ಸಾಕು, ಅದಕ್ಕೆ ಪೆಡಲ್ ಯಾಕೆ? ನನಗೆ ಬೇಕಿದ್ದದ್ದು ಬೇರೆ. ಗಿಟಾರಿನಲ್ಲಿ ಒಂದು ಸ್ವರ ಮೀಟಿದರೆ ಪೆಡಲ್ ಒಳಗಿನ ತಂತಿಗಳು ತಾವೇ ಮಿಡಿಯಬೇಕು, ಜವಾರಿ ಅನ್ನುತ್ತಾರಲ್ಲ, ತಂತಿ ಗುಂಯ್‌ಗುಡುವ ಆ ಝೇಂಕಾರ ಏಳಬೇಕು, ನಾನು ನಿಲ್ಲಿಸಿದರೆ ಮೆಲ್ಲಗೆ ಆರಬೇಕು. ತಂಬೂರಿ ಮಾಡುವವರ ಊರು ಮಿರಜ್ ನಮಗೆ ರೈಲಿನಲ್ಲಿ ಹತ್ತಿರ, ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ನಮ್ಮದೇ ಜಿಲ್ಲೆ. ಇಲ್ಲಿ ಗಿಟಾರ್ ಹಿಡಿದವನಿಗೆ ಇಂಥ ಆಸೆ ಬರುವುದು ಸಹಜ ಅಲ್ವಾ.

ಇದನ್ನೆಲ್ಲ ಹೇಳಿದಾಗ ಇಬ್ಬರಲ್ಲೊಬ್ಬ ಹುಡುಗ ನೋಟ್‌ಬುಕ್ಕೂ ತೆಗೆಯಲಿಲ್ಲ. "ಬಾಯಿಲೆ ಹೇಳಿದ್ರ ತಿಳಿಯಂಗಿಲ್ರಿ ಸರ್, ಒಂದು ತಂಬೂರಿ ತರ್ರಿ, ಮೊದಲ ಕೇಳೂಣು" ಅಂದ. ನನಗೆ ಇಡೀ ವ್ಯವಹಾರದಲ್ಲಿ ಹೆಚ್ಚು ಇಷ್ಟವಾದದ್ದು ಇದೇ. ಪರಿಚಯದವರ ಮನೆಯಿಂದ ತಂಬೂರಿ ತಂದೆ. ಕುದುರೆಯ (ತಂತಿ ಕೂರುವ ಬ್ರಿಜ್) ಮೇಲೆ ತಂತಿಯ ಕೆಳಗೆ ಒಂದು ನೂಲಿನ ಎಳೆ ಇರುತ್ತದೆ ನೋಡಿ, ಅದನ್ನು ತೆಗೆದು ಒಮ್ಮೆ ರೆಕಾರ್ಡ್ ಮಾಡಿದರು. ದನಿ ಮಂಕು. ಮತ್ತೆ ನೂಲು ಸೇರಿಸಿ, ಬೆರಳಿನಿಂದ ಚೂರುಚೂರೇ ಸರಿಸುತ್ತಾ ಹೋದರು. ಒಂದು ಜಾಗದಲ್ಲಿ ತಂತಿ ಬಾಯಿ ಬಿಟ್ಟಿತು. ಲ್ಯಾಪ್‌ಟಾಪಿನಲ್ಲಿ ನೋಡಿದರೆ ಮೀಟಿದ ತಕ್ಷಣಕ್ಕಿಂತ ಸ್ವಲ್ಪ ಹೊತ್ತಿನ ಮೇಲೆ ಮೇಲಿನ ಹಾರ್ಮೋನಿಕ್‌ಗಳು, ಅಂದರೆ ಮೂಲ ಸ್ವರದೊಳಗೇ ಅಡಗಿರುವ ಮೇಲಿನ ಸ್ವರಗಳು, ಎದ್ದು ಕಾಣುತ್ತಿದ್ದವು, ಗಿಟಾರಿಗೆ ಪೂರ್ತಿ ಉಲ್ಟಾ. ಗಿಟಾರಿನಲ್ಲಿ ಮೊದಲು ಸಾಯುವುದೇ ಅವು. ತಂಬೂರಿಯ ಈ ವಿಚಿತ್ರವನ್ನು ಸಿ.ವಿ. ರಾಮನ್ 1921ರಲ್ಲೇ ಬರೆದಿದ್ದಾರೆ: ತಂತಿಯನ್ನು ಮೀಟಿದ ಜಾಗದ ಲೆಕ್ಕದಲ್ಲಿ ಕೇಳಿಸಲೇಬಾರದ ಹಾರ್ಮೋನಿಕ್‌ಗಳು ಇಲ್ಲಿ ಜೋರಾಗಿ ಕೇಳಿಸುತ್ತವೆ. ಬಾಗಿದ ಕುದುರೆಯ ಮೇಲೆ ತಂತಿ ತಾಗಿ ಬಿಟ್ಟು ಮಾಡುವುದೇ ಅದಕ್ಕೆ ಕಾರಣ.

ಇನ್ನು ಒಳಗಿನ ಕೆಲಸ. ಪೆಡಲ್ ತೆರೆದು ನೋಡುವ ಚಟ ಇಲ್ಲದವರು ಈ ಭಾಗ ಹಾರಿಸಿ.

ಡಿಜಿಟಲ್ ತಂತಿ ಅಂದರೆ ಒಂದು ಡಿಲೇ (ಸದ್ದನ್ನು ತಡಮಾಡುವುದು) ಮತ್ತು ಫೀಡ್‌ಬ್ಯಾಕ್ (ಅದನ್ನು ಮತ್ತೆ ಒಳಗೆ ಬಿಡುವುದು), ಅಷ್ಟೇ. 1983ರಲ್ಲಿ ಕಾರ್ಪ್ಲಸ್ ಮತ್ತು ಸ್ಟ್ರಾಂಗ್ ಎಂಬ ಇಬ್ಬರು ಸಂಶೋಧಕರು ತೋರಿಸಿದ ಉಪಾಯ ಇದು. ಒಳಗೆ ಬಂದ ಸದ್ದು ಸುತ್ತು ಹೊಡೆದು ಮತ್ತೆ ತಲೆಗೆ ಬಂದು ಸೇರಿದರೆ ಒಂದು ಸ್ವರ ಹುಟ್ಟುತ್ತದೆ. ಸುತ್ತು ಎಷ್ಟು ಉದ್ದವೋ ಸ್ವರ ಅಷ್ಟು ಕೆಳಗೆ. ಕಪ್ಪು ಒಂದರ (ಹಾರ್ಮೋನಿಯಂನ ಮೊದಲ ಕಪ್ಪು ಮನೆ) ಷಡ್ಜ 138.6 ಹರ್ಟ್ಸ್ ಅಂತಿಟ್ಟುಕೊಳ್ಳಿ, ಸೆಕೆಂಡಿಗೆ 48,000 ಸ್ಯಾಂಪಲ್ (ಸದ್ದಿನ ಅಳತೆಗಳು) ಇರುವಾಗ ಸುತ್ತಿನ ಉದ್ದ 346.3 ಸ್ಯಾಂಪಲ್. ಆ 0.3 ಬಿಟ್ಟರೆ ಕೆಳಗಿನ ಷಡ್ಜದಲ್ಲಿ ಹೆಚ್ಚೇನೂ ಗೊತ್ತಾಗುವುದಿಲ್ಲ. ಆದರೆ ಇವರು ಸಿತಾರಿನಲ್ಲಿ ತಾವೇ ಮಿಡಿಯುವ ತರಫ್ ತಂತಿಗಳ ಥರ ಮೇಲಿನ ತಂತಿಗಳನ್ನೂ ಸೇರಿಸಿದ್ದಾರೆ. ಅಲ್ಲಿ 43.3 ಇರಬೇಕಾದ ಕಡೆ 43 ಹಾಕಿದರೆ ಸ್ವರ ಸುಮಾರು 12 ಸೆಂಟ್ (ಪಕ್ಕಪಕ್ಕದ ಎರಡು ಮನೆಗಳ ಅಂತರದ ನೂರನೇ ಒಂದು ಪಾಲು ಒಂದು ಸೆಂಟ್) ಏರಿಬಿಡುತ್ತದೆ, ಅದು ಅಪಸ್ವರವೇ. ಹಾಗಾಗಿ ಎರಡು ಸ್ಯಾಂಪಲ್‌ಗಳ ನಡುವಿನ ಬೆಲೆಯನ್ನು ಲೆಕ್ಕ ಹಾಕಿ ತೆಗೆಯಬೇಕು.

ಇಲ್ಲಿಯವರೆಗೆ ಹಳೇ ವಿದ್ಯೆ. ಇವರದ್ದು ಅಂತ ಹೇಳಬಹುದಾದದ್ದು ಜವಾರಿ. ನಿಜವಾದ ತಂತಿ ಕುದುರೆಯ ಕಡೆ ಬಾಗಿದಾಗ ಅದರ ಉದ್ದ ಒಂದು ಚೂರು ಕಡಿಮೆಯಾಗುತ್ತದೆ. ಹಾಗೆಯೇ ಇಲ್ಲೂ ಸಿಗ್ನಲ್ ಒಂದು ಮಟ್ಟ ದಾಟಿದ ಕ್ಷಣ ಡಿಲೇ ಉದ್ದ ಕುಗ್ಗುತ್ತದೆ, ಇಳಿದರೆ ಮತ್ತೆ ಹಿಗ್ಗುತ್ತದೆ. ಆ ಮಟ್ಟ ಎಲ್ಲಿರಬೇಕು ಅಂತ ತಿರುಗಿಸಲು ಒಂದು ನಾಬ್, ಅದರ ಕೆಳಗೆ "ನೂಲು" ಅಂತ ಬರೆದಿದ್ದಾರೆ. ಇದನ್ನು ತಿರುಗಿಸುವಾಗ ಆ ದಿನ ತಂಬೂರಿಯ ಮೇಲೆ ಬೆರಳು ಸರಿಸಿದಾಗ ಕೇಳಿದ ಬದಲಾವಣೆಯೇ ಕೇಳುತ್ತದೆ: ಎಡಕ್ಕೆ ಮಂಕು, ನಡುವೆ ಒಂದು ಕಡೆ ತೆರೆದುಕೊಳ್ಳುತ್ತದೆ, ಇನ್ನೂ ಬಲಕ್ಕೆ ಹೋದರೆ ಬರೀ ಗರಗರ. ಇನ್ನೂರು ಪ್ರೀಸೆಟ್ ಇರುವ ಮಲ್ಟಿ ಎಫೆಕ್ಟ್ ನನ್ನ ಹತ್ತಿರವೂ ಇದೆ, ಅದರಲ್ಲಿ ಇಂಥ ಒಂದೇ ಒಂದು ನಾಬ್ ಇಲ್ಲ.

ಮೊದಲು ಎಫ್‌ವಿ-1 ಚಿಪ್‌ನಲ್ಲಿ ಮಾಡಲು ಹೋಗಿದ್ದರಂತೆ. ಪೆಡಲ್ ಕಂಪನಿ ಎಂಎಕ್ಸ್‌ಆರ್ ಕಟ್ಟಿದವರಲ್ಲಿ ಒಬ್ಬರಾದ, ಆಮೇಲೆ ಅಲೆಸಿಸ್ ಎಂಬ ಆಡಿಯೋ ಕಂಪನಿ ಶುರುಮಾಡಿದ ಕೀತ್ ಬಾರ್ ಮಾಡಿದ ಚಿಪ್ ಅದು, ಸಣ್ಣ ಪೆಡಲ್ ತಯಾರಕರಿಗೆ ಬಹಳ ವರ್ಷದಿಂದ ಅದೇ ಗತಿ. ಒಂದು ಪ್ರೋಗ್ರಾಮಿಗೆ 128 ಸಾಲು, ಸುಮಾರು ಒಂದು ಸೆಕೆಂಡ್ ಡಿಲೇ, ಮೂರು ನಾಬ್. ರಿವರ್ಬ್‌ಗೆ (ದೊಡ್ಡ ಹಾಲ್‌ನಂಥ ಅನುರಣನ) ಧಾರಾಳ ಆಯಿತು, ಆದರೆ ಇಷ್ಟು ತಂತಿ ಮತ್ತು ಜವಾರಿ ಅದರಲ್ಲಿ ಹಿಡಿಸಲಿಲ್ಲ. ಕರೋಕೆ ಎಕೋಗೆಂದು ಬಂದ ಪಿಟಿ2399 ಚಿಪ್ ಅಂತೂ ಈ ಕೆಲಸಕ್ಕಲ್ಲ. ಕೊನೆಗೆ ಆಡಿಯೋ ಕೆಲಸಕ್ಕೆಂದೇ ಇರುವ ಪುಟ್ಟ ಕಂಪ್ಯೂಟರ್, ಡೇಸಿ ಸೀಡ್ ಬೋರ್ಡ್ ಹಿಡಿದರು. 480 ಮೆಗಾಹರ್ಟ್ಸ್ ಪ್ರೊಸೆಸರ್, 64 ಎಂಬಿ ಮೆಮೊರಿ ಇದೆ. ಪೂರ್ತಿ ಡಿಲೇಗೆ ಕೊಟ್ಟರೆ ಹತ್ತಿರ ಹತ್ತಿರ ಆರು ನಿಮಿಷ ಆಗುತ್ತದೆ, ಯಾರಿಗೆ ಬೇಕು ಅದು! ಇಲ್ಲಿ ಬೇಕಿದ್ದದ್ದು ಲೆಕ್ಕ ಮಾಡುವ ಶಕ್ತಿ. ಮೊದಲು ಕೇಳಿಸಿದ ವರ್ಷನ್‌ನಲ್ಲಿ ಮೇಲಿನ ಸ್ವರಗಳು ತಗಡಿನ ಥರ ಕಿವಿ ಕೊರೆಯುತ್ತಿದ್ದವು. ಡಿಲೇ ಉದ್ದವನ್ನು ಅಷ್ಟು ಬೇಗ ಬೇಗ ಬದಲಿಸಿದರೆ 24,000 ಹರ್ಟ್ಸ್ (48,000ದ ಅರ್ಧ, ಇಲ್ಲಿ ಹಿಡಿಸುವ ಮಿತಿ) ದಾಟಿದ ಸ್ವರಗಳು ಹುಟ್ಟಿ, ಜಾಗ ಸಾಲದೆ ಕೆಳಗೆ ಮಡಚಿ ಬೀಳುತ್ತವೆ, ಅದು ಯಾವ ರಾಗಕ್ಕೂ ಸೇರದ ಸದ್ದು. ಜವಾರಿಯ ಭಾಗವನ್ನಷ್ಟೇ ಎರಡು ಪಟ್ಟು ವೇಗದಲ್ಲಿ ಓಡಿಸಿ ಅದನ್ನು ಸರಿಮಾಡಿದರು.

ನುಡಿಸಿದರೆ ಹೇಗೆ? ಕ್ಲೀನ್ ಸೌಂಡ್, ನೆಕ್ ಪಿಕಪ್, ಟೋನ್ ಅರ್ಧ. ಗಾಂಧಾರದಿಂದ ಪಂಚಮಕ್ಕೆ ಜಾರಿ ನಿಂತರೆ ಜಾರುವಾಗ ಏನೂ ಇಲ್ಲ, ನಿಂತ ಮೇಲೆ ಪಂಚಮದ ತಂತಿ ಹಿಂದಿನಿಂದ ಎದ್ದು ಬರುತ್ತದೆ. ಆಹಾ! ಆದರೆ ಗಾಂಧಾರದ ಮೇಲೇ ನಿಂತರೆ ಒಂದು ಕಿರಿಕಿರಿ. ಗಿಟಾರಿನ ಫ್ರೆಟ್ (ಕತ್ತಿನ ಮೇಲಿನ ಲೋಹದ ಪಟ್ಟಿ) ಕೊಡುವ ಗಾಂಧಾರ ತಂಬೂರಿಯೊಳಗಿನ ಗಾಂಧಾರಕ್ಕಿಂತ 14 ಸೆಂಟ್ ಮೇಲೆ. ಪಂಚಮದಲ್ಲಿ ಈ ವ್ಯತ್ಯಾಸ ಬರೀ 2 ಸೆಂಟ್, ಕೇಳುವುದೇ ಇಲ್ಲ. ತಂತಿ ಎಳೆದರೆ ಸ್ವರ ಏರುತ್ತದೆಯೇ ಹೊರತು ಇಳಿಯುವುದಿಲ್ಲ, ಆದ್ದರಿಂದ ಸ್ಲೈಡ್ (ತಂತಿಯ ಮೇಲೆ ಜಾರಿಸುವ ಕೊಳವೆ) ಹಾಕಿ ನುಡಿಸುವವರಿಗೆ ಈ ಪೆಡಲ್ ನನಗಿಂತ ಜಾಸ್ತಿ ಒಪ್ಪುತ್ತದೆ. ಇದು ಪೆಡಲಿನ ದೋಷವಲ್ಲ, ಬರೋಬ್ಬರಿ ಕೆಲಸ ಮಾಡುತ್ತಿದೆ ಅನ್ನುವುದಕ್ಕೆ ಪುರಾವೆ.

ಸದ್ದನ್ನು ಒರಟು ಮಾಡುವ ಓವರ್‌ಡ್ರೈವ್ ಪೆಡಲ್ ಇದಕ್ಕಿಂತ ಮೊದಲು ಇರಲಿ, ಆಮೇಲೆ ಹಾಕಿದರೆ ಎಲ್ಲ ಕಲಸಿ ರಾಡಿ. ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಂಪು) ಬದಲಿಸುತ್ತಾ ಸಿನಿಮಾ ಹಾಡು ನುಡಿಸುವ ಆರ್ಕೆಸ್ಟ್ರಾದವರಿಗೆ ಇದು ಬೇಡವೇ ಬೇಡ. ಷಡ್ಜ ಒಂದೇ, ಹಾಡಿನ ನಡುವೆ ಬದಲಿಸಲು ಬಗ್ಗಿ ನಾಬ್ ತಿರುಗಿಸಬೇಕು.

ಈಗ ತಕರಾರು. ಮನೆಗೆ ತಂದ ದಿನವೇ ಹಿಂದೆ ಸಣ್ಣಗೆ ಕುಂಯ್ ಅನ್ನುವ ಒಂದು ಸದ್ದು, ಟ್ಯೂನರ್ ಹಿಡಿದರೆ ಹೆಚ್ಚು ಕಡಿಮೆ 1,000 ಹರ್ಟ್ಸ್. ಪ್ರೊಸೆಸರ್ 48 ಸ್ಯಾಂಪಲ್‌ಗಳ ಕಂತು ಮಾಡಿ ಕೆಲಸ ಮಾಡುತ್ತದೆ, ಅಂದರೆ ಸೆಕೆಂಡಿಗೆ ಸಾವಿರ ಸಲ ಎದ್ದು ಕರೆಂಟ್ ಎಳೆಯುತ್ತದೆ, ಆ ಎಳೆತ ಆಡಿಯೋಗೆ ಸೋರುತ್ತಿತ್ತು. ತಪ್ಪು ಬೋರ್ಡಿನದಲ್ಲ, ಹುಡುಗರು ಗ್ರೌಂಡ್ ವೈರ್ ಎಳೆದ ರೀತಿಯದು. ತೋರಿಸಿದ ತಕ್ಷಣ ಒಪ್ಪಿಕೊಂಡು, ಆಡಿಯೋ ಗ್ರೌಂಡ್ ಬೇರೆ ಮಾಡಿ, ಪವರ್‌ಗೆ ಫಿಲ್ಟರ್ ಹಾಕಿಕೊಟ್ಟರು. ಆಮೇಲೆ ಸದ್ದಿಲ್ಲ. ಆದರೂ ಎಲ್ಲ ಪೆಡಲ್‌ಗೆ ಒಂದೇ ಅಡಾಪ್ಟರ್‌ನಿಂದ ಸಾಲು ಎಳೆಯಬೇಡಿ, ಡಿಜಿಟಲ್ ಪೆಡಲ್‌ಗೆ ಬೇರೆ 9 ವೋಲ್ಟ್ ಲೈನ್ ಕೊಡಿ.

ಎರಡನೆಯದು ಬೈಪಾಸ್, ಇದು ನನಗೆ ಅರ್ಥವೇ ಆಗಲಿಲ್ಲ. ಅಷ್ಟು ಚಂದದ ತಂತಿ ಮಾಡಿ, ಅದನ್ನು, ಒತ್ತಿದರೆ ಪೆಡಲನ್ನು ಪೂರ್ತಿ ಬಿಟ್ಟು ಗಿಟಾರಿನ ಸಿಗ್ನಲ್ ನೇರ ಸಾಗಿಸುವ ಟ್ರೂ ಬೈಪಾಸ್ ಸ್ವಿಚ್‌ಗೆ ಕೊಟ್ಟಿದ್ದಾರೆ. ಕಾಲಿಟ್ಟರೆ ಝೇಂಕಾರ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಪಟ್ ಅಂತ ನಿಲ್ಲುತ್ತದೆ. ಒಳಗೆ ಹೋಗುವ ಸಿಗ್ನಲ್ ಮಾತ್ರ ನಿಲ್ಲಿಸಿ, ಇರುವ ದನಿಯನ್ನು ಆರಲು ಬಿಡಬೇಕಿತ್ತು. ಟ್ರೂ ಬೈಪಾಸ್ ಅಂದರೆ ದೊಡ್ಡದು ಅಂತ ಗಿಟಾರಿನವರೇ ಹಟ ಮಾಡುತ್ತಾರಂತೆ, ಅದಕ್ಕೆ ಹಾಕಿದ್ದಂತೆ. ನಾನಂತೂ ಕೇಳಿರಲಿಲ್ಲ.

ಮ್ಯಾನ್ಯುಯಲ್ ಇಲ್ಲ, ವಾಟ್ಸ್‌ಆ್ಯಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸುತ್ತಾರೆ. ಕೋಡ್ ಬದಲಾದರೆ ಯುಎಸ್‌ಬಿಯಲ್ಲಿ ನಾವೇ ಹಾಕಿಕೊಳ್ಳಬಹುದು, ಅದು ಸುಲಭ. ಟೈಮಿನ ವಿಷಯ ಮಾತ್ರ ಕೇಳಬೇಡಿ: ಗಣಪತಿ ಹಬ್ಬದ ಮೊದಲು ಅಂದಿದ್ದು ದೀಪಾವಳಿ ಕಳೆದ ಮೇಲೆ ಕೈಗೆ ಬಂತು. ಕಾರ್ಯಕ್ರಮ ಇಟ್ಟುಕೊಂಡು ಆರ್ಡರ್ ಕೊಟ್ಟರೆ ಕೆಟ್ಟಿರಿ.

ಹೋಗುವುದಾದರೆ ರೆಕಾರ್ಡಿಂಗ್ ಆದರೂ ಸರಿ, ವಾದ್ಯವಾದರೂ ಸರಿ, ಕೇಳಿಸಲು ಏನಾದರೂ ತಗೊಂಡು ಹೋಗಿ. "ಏನಾದರೂ ಹೊಸದು ಮಾಡಿ" ಅಂದರೆ ಅವರಿಂದ ರಿವರ್ಬ್ ಬರುತ್ತದೆ. ನನ್ನ ಪೆಡಲ್ ಬೈಪಾಸ್ ಬದಲಿಸಲು ಈಗ ಮತ್ತೆ ಅವರ ಹತ್ತಿರವೇ ಇದೆ. ಎಕ್ಸ್‌ಟ್ರಾ ದುಡ್ಡು ಕೇಳಲಿಲ್ಲ, ತಾರೀಖೂ ಹೇಳಲಿಲ್ಲ.