ಸ್ಟಾರ್‌ಡ್ಯೂ ವ್ಯಾಲಿ: ಸ್ಪ್ರಿಂಕ್ಲರ್ ಇಲ್ಲದೆ ಆಡಿ ನೋಡಿ

2016ರ ವಿಡಿಯೋ ಗೇಮ್, ಹಳ್ಳಿಯಲ್ಲಿ ತೋಟ ಮಾಡಿಕೊಂಡಿರುವ ಆಟ. ನೇರ ವಿಷಯಕ್ಕೆ ಬರುತ್ತೇನೆ. ಇಷ್ಟು ವರ್ಷ ಆಡಿದ ಮೇಲೆ ನನಗೆ ಇದರಲ್ಲಿ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗಿರುವುದು ಗಿಡಕ್ಕೆ ನೀರು ಹಾಕುವುದು. ಹೌದು, ಎಲ್ಲರೂ ಆದಷ್ಟು ಬೇಗ ತಪ್ಪಿಸಿಕೊಳ್ಳಲು ನೋಡುವ ಅದೇ ಕೆಲಸ.

ನನ್ನ ಮೊದಲ ತೋಟ ಪೂರ್ತಿ ಲೆಕ್ಕಾಚಾರದ್ದು. ಯಾವ ಬೆಳೆಗೆ ಎಷ್ಟು ದಿನ, ಎಷ್ಟು ಲಾಭ ಅಂತ ಎಕ್ಸೆಲ್ ಶೀಟೇ ಇತ್ತು. ಬೇಸಿಗೆ ಬಂತೆಂದರೆ ಬ್ಲೂಬೆರಿ. 13 ದಿನ ಕಾದರೆ ಸಾಕು, ಆಮೇಲೆ ನಾಲ್ಕು ದಿನಕ್ಕೊಮ್ಮೆ ಕೀಳುತ್ತಾ ಇರಬಹುದು. ಕೊನೆಗೆ ಇರಿಡಿಯಂ ಸ್ಪ್ರಿಂಕ್ಲರ್ ಬಂತು, ದಿನಾ ಬೆಳಗ್ಗೆ ತಾನಾಗಿಯೇ ನೀರು ಚಿಮ್ಮಿಸುವ ಯಂತ್ರ. ಒಂದು ನೆಟ್ಟರೆ ಸುತ್ತಲಿನ 24 ಚೌಕಕ್ಕೆ ನೀರು. ದುಡ್ಡು ಬಂದದ್ದೇ ಬಂದದ್ದು, ಆಗ ಅದೂ ಖುಷಿಯೇ. ಆದರೆ ಬೆಳಗ್ಗೆ ಆರಕ್ಕೆ ಎದ್ದು ಹೊರಗೆ ಬಂದರೆ ಮಣ್ಣು ಆಗಲೇ ಒದ್ದೆ. ಕೊಯ್ಯಬೇಕು, ಪೀಪಾಯಿಗೆ ತುಂಬಬೇಕು, ಮಾರಬೇಕು. ಆಫೀಸ್ ಮುಗಿಸಿ ಬಂದು ಇನ್ನೊಂದು ಆಫೀಸಿನಲ್ಲಿ ಕೂತ ಹಾಗೆ. ಎಷ್ಟೋ ತಿಂಗಳು ಅದರ ತಂಟೆಗೇ ಹೋಗಲಿಲ್ಲ.

2024ರಲ್ಲಿ 1.6 ಅಪ್‌ಡೇಟ್ ಬಂತು, ಅದೂ ಪುಕ್ಕಟೆ. ಸುಮ್ನೆ ನೋಡೋಣ ಅಂತ ಹೊಸ ತೋಟ ಶುರು ಮಾಡಿದೆ. ಶೀಟ್ ಇಲ್ಲ, ಸ್ಪ್ರಿಂಕ್ಲರ್ ಇಲ್ಲ.

ಈಗ ಎದ್ದ ಕೂಡಲೇ ಟಿವಿಯಲ್ಲಿ ಹವಾಮಾನ ನೋಡುತ್ತೇನೆ. ನಾಳೆ ಮಳೆ ಅಂದರೆ ನನಗೆ ಹಬ್ಬ. ಇವತ್ತಿನ ನೀರು ಮುಗಿಸಿ, ನೀರು ಹಾಕುವ ಕ್ಯಾನ್ ಹಿಡಿದು ಕಮ್ಮಾರ ಕ್ಲಿಂಟ್ ಅಂಗಡಿಗೆ ಓಡಬೇಕು. ನಾಲ್ಕಕ್ಕೆ ಬಾಗಿಲು ಹಾಕಿಬಿಡುತ್ತಾನೆ. ಐದು ತಾಮ್ರದ ಗಟ್ಟಿ, ಜೊತೆಗೆ 2,000 ಚಿನ್ನ (ಆಟದ ದುಡ್ಡು) ಕೊಟ್ಟರೆ ಎರಡು ದಿನದಲ್ಲಿ ಕ್ಯಾನ್ ಅಪ್‌ಗ್ರೇಡ್. ಮರುದಿನ ಕೈ ಖಾಲಿ, ಆದರೆ ತೋಟಕ್ಕೆಲ್ಲ ಮಳೆಯೇ ನೀರು ಹಾಕುತ್ತದೆ. ಅದರ ಮರುದಿನ ಕ್ಯಾನ್ ತಂದು ಬಟನ್ ಒತ್ತಿ ಹಿಡಿದರೆ ಒಂದೇ ಸಲಕ್ಕೆ ಸಾಲಾಗಿ ಮೂರು ಚೌಕ ನೆನೆಯುತ್ತದೆ. ಆ ಸದ್ದು, ಆಮೇಲೆ ಒಣ ಮಣ್ಣು ಗಾಢ ಬಣ್ಣಕ್ಕೆ ತಿರುಗುವುದು, ಎಷ್ಟು ಸಲ ನೋಡಿದರೂ ಬೇಜಾರಾಗುವುದಿಲ್ಲ. ಈ ಆಟ ಮಾಡಿದ ಎರಿಕ್ ಬ್ಯಾರೋನ್ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಕೂತು ಚಿತ್ರ, ಸಂಗೀತ, ಕೋಡ್ ಎಲ್ಲ ಒಬ್ಬರೇ ಮಾಡಿದ್ದು ಇಂಥ ಕಡೆ ಗೊತ್ತಾಗುತ್ತದೆ.

ಲಾಭ? ಮೊದಲ ತೋಟದ ಕಾಲುಭಾಗವೂ ಇಲ್ಲ. ಪರವಾಗಿಲ್ಲ, ದುಡ್ಡು ಕಡಿಮೆ ಇದ್ದಾಗಲೇ ಯಾವ ಬೀಜ ತರಲಿ ಅಂತ ಯೋಚಿಸುವುದಕ್ಕೂ ಅರ್ಥ ಇರುತ್ತದೆ ಅಲ್ವಾ.

ಒಂದು ಸಿಟ್ಟು ಮಾತ್ರ ಹಾಗೇ ಇದೆ. ಕಂಪ್ಯೂಟರ್‌ನಲ್ಲಿ ಆಡುವಾಗ, ನಮ್ಮ ಪಾತ್ರ ರಾತ್ರಿ ಮಲಗಿದರೆ ಮಾತ್ರ ಆಟ ಸೇವ್ ಆಗುತ್ತದೆ. ಆಟದ ಒಂದು ದಿನ ಅಂದರೆ ಸುಮಾರು 14 ನಿಮಿಷ. ಮಧ್ಯೆ ಕರೆಂಟು ಹೋದರೆ ಆ ದಿನವೇ ಹೋಯಿತು. ಯುಪಿಎಸ್ ಇಲ್ಲದವರು ಲ್ಯಾಪ್‌ಟಾಪ್‌ನಲ್ಲೇ ಆಡಿ. ಹಳೆಯದಾದರೂ ಸಾಕು, ಗ್ರಾಫಿಕ್ಸ್ ಕಾರ್ಡ್ ಬೇಡ. ಆಟ ಕೊಳ್ಳುವುದಾದರೆ ಸೇಲ್‌ವರೆಗೆ ಕಾಯಿರಿ.