ಮಿಯಾಟಾ 1993 ಮತ್ತು 1994: ನೋಡಬೇಕಾದ್ದು ಕಾರಿನ ಹಿಂಭಾಗ

ಅಮೆರಿಕದಲ್ಲಿ ಮಾರಾಟವಾದ, ಮಡಚುವ ಛಾವಣಿಯ ಎರಡು ಸೀಟಿನ ಕಾರಾದ ಮಾಜ್ದಾ ಮಿಯಾಟಾದ ಈ ಎರಡು ವರ್ಷಗಳ ಮಾದರಿಗಳನ್ನು ಅಕ್ಕಪಕ್ಕ ನಿಲ್ಲಿಸಿದರೆ ಹೊರನೋಟಕ್ಕೆ ಅವಳಿಜವಳಿ. 1994ರಲ್ಲಿ ಎಂಜಿನ್ 1.6ರಿಂದ 1.8 ಲೀಟರಿಗೆ ಏರಿತು, 116 ಅಶ್ವಶಕ್ತಿ 128 ಆಯಿತು. ಕೊಳ್ಳುವವರ ಚೌಕಾಸಿ ನಡೆಯುವುದು ಈ ಅಂಕಿಯ ಮೇಲೇ. ಎರಡನ್ನೂ ವರ್ಷಗಟ್ಟಲೆ ಬಳಸಿದ ಮೇಲೆ ನನ್ನ ಲೆಕ್ಕ ಬೇರೆ: ಹೆಚ್ಚಿನ ಹಣ ಕೊಡುವುದಾದರೆ ಅದು ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ಗಾಗಿ.

1993ರ ಕ್ರೌನ್ ವೀಲ್, ಅಂದರೆ ಡಿಫರೆನ್ಷಿಯಲ್ ಒಳಗಿನ ದೊಡ್ಡ ಹಲ್ಲುಚಕ್ರ, 6 ಇಂಚಿನದು, 1994ರದ್ದು 7 ಇಂಚಿನದು. ಕಂಪನಿ ಕೊಟ್ಟ ಶಕ್ತಿಗೆ ಚಿಕ್ಕದೂ ಸಾಲುತ್ತದೆ. ಶಕ್ತಿ ಹೆಚ್ಚಿಸಲು ಟರ್ಬೊ ಹಾಕಿಸಿದರೆ ಅದರ ಹಲ್ಲು ಉಳಿಯುವುದು ಕಷ್ಟ. ಒಂದೇ ಚಕ್ರ ಜಾರಿ ಸುಮ್ಮನೆ ಸುತ್ತದಂತೆ ತಡೆಯುವ ಲಿಮಿಟೆಡ್ ಸ್ಲಿಪ್ ಎರಡರಲ್ಲೂ ಐಚ್ಛಿಕವೇ, ಆದರೆ 1993ರದ್ದು ವಿಸ್ಕಸ್ ಬಗೆಯದು. ಒಳಗಿನ ದ್ರವ ಹಳತಾದಂತೆ ಹಿಡಿತ ಕಳೆದುಕೊಂಡು ಸಾದಾ ಡಿಫರೆನ್ಷಿಯಲ್‌ನಂತಾಗುತ್ತದೆ. 1994ರದ್ದು ಟಾರ್ಸನ್ ಬಗೆಯದು, ಪೂರ್ತಿ ಗೇರುಗಳದ್ದು, ಹಾಗೆ ಸೊರಗುವುದಿಲ್ಲ. ಚಿಕ್ಕದನ್ನು ತೆಗೆದು ದೊಡ್ಡದನ್ನು ಕೂರಿಸುವವರು ಹಿಂದಿನ ಆಕ್ಸಲ್ ಶಾಫ್ಟ್‌ಗಳನ್ನೂ ಗೇರ್‌ಬಾಕ್ಸಿನಿಂದ ಹಿಂದಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನೂ ಸೇರಿಸಿಯೇ ಕೊಳ್ಳಬೇಕು. ಬರೀ ಡಿಫರೆನ್ಷಿಯಲ್ ತಂದರೆ ಅದು ಜೋಡಣೆಯಾಗದು.

ಓಟದಲ್ಲಿ ವ್ಯತ್ಯಾಸ ಅಂದುಕೊಂಡಷ್ಟಿಲ್ಲ. ಫೈನಲ್ ಡ್ರೈವ್, ಅಂದರೆ ಡಿಫರೆನ್ಷಿಯಲ್‌ನ ಗೇರ್ ಅನುಪಾತ, 1993ರಲ್ಲಿ 4.3, 1994ರಲ್ಲಿ 4.1. ಅಂಕಿ ದೊಡ್ಡದಾದಷ್ಟೂ ಎಳೆತ ಹೆಚ್ಚು, ಹಾಗಾಗಿ ಚಿಕ್ಕ ಎಂಜಿನ್ ಕೆಳ ಗೇರುಗಳಲ್ಲಿ ಚುರುಕಾಗಿಯೇ ಎಳೆಯುತ್ತದೆ. ನನಗಂತೂ ಅದರ ಹಗುರ ಸ್ವಭಾವವೇ ಇಷ್ಟ. ಮುಂದಿನ ಬ್ರೇಕ್ ಡಿಸ್ಕ್ 235 ಮಿ.ಮೀ.ನಿಂದ 255ಕ್ಕೆ ದೊಡ್ಡದಾಯಿತು. ಎಂಜಿನ್ ಎಳೆದುಕೊಳ್ಳುವ ಗಾಳಿ ಅಳೆಯಲು 1993ರಲ್ಲಿ ರೆಕ್ಕೆ ತೆರೆದು ಮುಚ್ಚುವ ಮೀಟರ್, 1994ರಲ್ಲಿ ಬಿಸಿ ತಂತಿಯದು. ಎರಡನೆಯದು ಗಾಳಿಯ ದಾರಿಗೆ ಅಷ್ಟು ಅಡ್ಡ ಬರುವುದಿಲ್ಲ. ವಾಲ್ವ್‌ಗಳನ್ನು ಎಂಜಿನ್ನಿನ ತಿರುವಿಗೆ ಹೊಂದಿಸುವ ಟೈಮಿಂಗ್ ಬೆಲ್ಟನ್ನು ಸುಮಾರು 96,000 ಕಿ.ಮೀ.ಗೆ ಬದಲಿಸಬೇಕು. ಅಕಸ್ಮಾತ್ ಹರಿದರೂ ಎರಡರಲ್ಲೂ ವಾಲ್ವ್ ಬಾಗುವುದಿಲ್ಲ.

ಗೇರ್‌ಬಾಕ್ಸ್ ಕೂಡುವ ಜಾಗದಲ್ಲಿ ಎಣ್ಣೆ ಜಿನುಗಿದರೆ ಕ್ರ್ಯಾಂಕ್ ಸೀಲ್ (ಕ್ರ್ಯಾಂಕ್ ಶಾಫ್ಟ್ ತುದಿಯ ಎಣ್ಣೆ ತಡೆ) ಹೋಯಿತೆಂದು ಗೇರ್‌ಬಾಕ್ಸ್ ಇಳಿಸಲು ಹೊರಡಬೇಡಿ. ಮೊದಲು ಸಿಲಿಂಡರ್ ಹೆಡ್ಡಿನ ಹಿಂದಿರುವ, ಕ್ಯಾಮ್ ಶಾಫ್ಟಿನ ತಿರುವನ್ನು ಗುರುತಿಸುವ ಕ್ಯಾಮ್ ಆಂಗಲ್ ಸೆನ್ಸರಿನ ಬುಡ ಮುಟ್ಟಿ ನೋಡಿ. ಅಲ್ಲಿನ ಓ-ರಿಂಗ್ ಎಂಬ ರಬ್ಬರ್ ಉಂಗುರ ಕಾಲ ಕಳೆದಂತೆ ಪ್ಲಾಸ್ಟಿಕ್ಕಿನಂತೆ ಗಟ್ಟಿಯಾಗಿ ಚಪ್ಪಟೆಯಾಗುತ್ತದೆ. ಎಣ್ಣೆ ಹೆಡ್ಡಿನ ಬೆನ್ನಿಗುಂಟ ಇಳಿದು ಕೆಳಗೆ ತೊಟ್ಟಿಕ್ಕುತ್ತದೆ. ಸೆನ್ಸರ್ ಬಿಚ್ಚುವ ಮೊದಲು ಅದರ ಸ್ಥಾನಕ್ಕೆ ಗೀರು ಹಾಕಿಕೊಳ್ಳಿ, ಏಕೆಂದರೆ ಅದು ತಿರುಗಿದರೆ ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಸಮಯ) ಬದಲಾಗುತ್ತದೆ. ಹೊಸ ರಿಂಗ್ ಹಾಕಿದ ಮೇಲೆ ಡಯಾಗ್ನಾಸ್ಟಿಕ್ ಪೆಟ್ಟಿಗೆಯಲ್ಲಿ ಟಿಇಎನ್ ಮತ್ತು ಜಿಎನ್‌ಡಿ ಕೊಂಡಿಗಳನ್ನು ತಂತಿಯಿಂದ ಸೇರಿಸಿ, ಟೈಮಿಂಗ್ ಲೈಟ್ ಹಿಡಿದು 10 ಡಿಗ್ರಿಗೆ ಹೊಂದಿಸಿ.

ಇನ್ನು ತುಕ್ಕು. ಅದಕ್ಕೆ ಮಾದರಿ ವರ್ಷದ ಭೇದವಿಲ್ಲ. ಮಡಚುವ ಛಾವಣಿಯ ನೀರು ಸೀಟುಗಳ ಹಿಂದಿನ ಎರಡು ಕೊಳವೆಗಳಿಂದ ಇಳಿಯಬೇಕು. ಎಲೆ-ಕಸ ಕಟ್ಟಿಕೊಂಡರೆ ನೀರು ಬಾಗಿಲ ಕೆಳಗಿನ ಟೊಳ್ಳು ಭಾಗವಾದ ಸಿಲ್‌ನೊಳಗೆ ನಿಂತು, ಹಿಂದಿನ ಚಕ್ರದ ಮುಂದಿರುವ ಬಾಡಿಯ ತಗಡನ್ನು ತುಕ್ಕು ಒಳಗಿನಿಂದಲೇ ತಿನ್ನುತ್ತದೆ. ಕೊಳ್ಳುವ ಮುನ್ನ ಎರಡೂ ಬದಿಗೆ ಒಂದೊಂದು ಲೋಟ ನೀರು ಸುರಿದು, ಅದು ಕಾರಿನಡಿ ಸರಾಗವಾಗಿ ಬೀಳುತ್ತದೆಯೇ ನೋಡಿ. ಕಟ್ಟಿದ್ದರೆ ಮೆತ್ತನೆಯ ನೈಲಾನ್ ಎಳೆ ತೂರಿಸಿ. ಗಟ್ಟಿ ತಂತಿ ಕೊಳವೆಯನ್ನೇ ಸೀಳುತ್ತದೆ.