ಲೈವೋ, ರಿಪ್ಲೇಯೋ, ತುಣುಕೋ: ಧಾರವಾಡದಲ್ಲಿ ಕೂತು ನೋಡಿದ ಒಂದು ಸರ್ಫಿಂಗ್ ಸೀಸನ್

ನಮ್ಮೂರಿಗೆ ಸಮುದ್ರ ಇಲ್ಲ. ನೋಡಬೇಕೆಂದರೆ ಘಟ್ಟ ಇಳಿದು ಕಾರವಾರಕ್ಕೋ ಅಂಕೋಲಾಕ್ಕೋ ಹೋಗಬೇಕು. ಉಣಕಲ್ ಕೆರೆಯಲ್ಲಿ ಜೋರು ಗಾಳಿಗೆ ಏಳುವ ಅಲೆ ಬಾತುಕೋಳಿಗೂ ಸಾಲದು. ಅಂಥ ಊರಿನವನಿಗೆ ಸರ್ಫಿಂಗ್, ಅಂದರೆ ಹಲಗೆಯ ಮೇಲೆ ನಿಂತು ಅಲೆ ಸವಾರಿ ಮಾಡುವ ಆಟದ ಹುಚ್ಚು ಹತ್ತಿದ್ದು ಒಂದು ಫೋಟೊದಿಂದ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಸರ್ಫಿಂಗ್ ನಡೆದದ್ದು ಪ್ಯಾರಿಸ್‌ನಲ್ಲಲ್ಲ, ಸಾವಿರಾರು ಮೈಲಿ ಆಚೆ ಟಹೀಟಿ ದ್ವೀಪದಲ್ಲಿ. ಅಲ್ಲಿ ಬ್ರೆಜಿಲ್‌ನ ಗೇಬ್ರಿಯಲ್ ಮೆಡಿನಾ ಅಲೆ ಮುಗಿಸಿ ಮೇಲಕ್ಕೆ ಹಾರಿದ್ದಾನೆ. ಗಾಳಿಯಲ್ಲಿ ನೆಟ್ಟಗೆ ನಿಂತು ಒಂದು ಬೆರಳು ಎತ್ತಿದ್ದಾನೆ. ಪಕ್ಕದಲ್ಲಿ ಅವನ ಬೋರ್ಡೂ ಹಾಗೇ ನೆಟ್ಟಗೆ ನಿಂತಿದೆ. ನೀವೂ ನೋಡಿರುತ್ತೀರಿ, ಎಲ್ಲರ ವಾಟ್ಸಾಪ್‌ಗೂ ಬಂದಿತ್ತು. ಆ ಅಲೆಗೆ ಸಿಕ್ಕಿದ್ದು 10ಕ್ಕೆ 9.90 ಅಂಕ.

ಆಗಲೇ ನಿರ್ಧಾರ ಮಾಡಿದೆ: 2025ರ ವಿಶ್ವ ಸರ್ಫ್ ಲೀಗ್ ಸೀಸನ್ ಪೂರ್ತಿ ನೋಡುವುದು. ಜನವರಿ ಕೊನೆಗೆ ಹವಾಯಿಯ ಪೈಪ್‌ಲೈನ್‌ನಲ್ಲಿ ಶುರು, ಸೆಪ್ಟೆಂಬರ್‌ನಲ್ಲಿ ಫಿಜಿಯಲ್ಲಿ ಮುಕ್ತಾಯ, ಒಟ್ಟು 12 ಪಂದ್ಯಕೂಟ. ಲೀಗ್‌ನ ಆ್ಯಪ್‌ನಲ್ಲಿ ದುಡ್ಡು ಕೊಡದೆ ನೋಡಬಹುದು. ಮನೆ ಧಾರವಾಡದಲ್ಲಿ, ಕೆಲಸ ಹುಬ್ಬಳ್ಳಿಯಲ್ಲಿ. ಈ ಎರಡರ ನಡುವೆ ಮೂರು ದಾರಿ ಪ್ರಯೋಗಿಸಿದೆ: ಲೈವ್, ಮರುದಿನದ ಪೂರ್ತಿ ರಿಪ್ಲೇ, ಮತ್ತು ಐದಾರು ನಿಮಿಷದ ಹೈಲೈಟ್ಸ್ ತುಣುಕು.

ಲೈವ್ ನೋಡುವವನ ಮೊದಲ ಶತ್ರು ಗಡಿಯಾರ. ಹವಾಯಿ ನಮಗಿಂತ ಹದಿನೈದೂವರೆ ಗಂಟೆ ಹಿಂದೆ. ಅಲ್ಲಿ ಬೆಳಿಗ್ಗೆ 8 ಆದಾಗ ಇಲ್ಲಿ ರಾತ್ರಿ 11.30. ಟಹೀಟಿಗೂ ಇದೇ ಲೆಕ್ಕ. ಕ್ಯಾಲಿಫೋರ್ನಿಯಾದ ಟ್ರೆಸಲ್ಸ್ ಜೂನ್‌ನಲ್ಲಿ ರಾತ್ರಿ ಎಂಟೂವರೆಗೆ ಶುರು. ಊಟದ ತಟ್ಟೆ ಹಿಡಿದು ನೋಡಬಹುದು, ಸುಖ. ಎಲ್ ಸಾಲ್ವಡಾರ್ ಸಂಜೆ ಚಹಾದ ಹೊತ್ತಿಗೆ. ಪೋರ್ಚುಗಲ್‌ನ ಪೆನಿಶ್ ಮಧ್ಯಾಹ್ನ ಒಂದೂವರೆಗೆ, ದಕ್ಷಿಣ ಆಫ್ರಿಕಾದ ಜೆ-ಬೇ ಬೆಳಿಗ್ಗೆ ಹನ್ನೊಂದರ ಮೇಲೆ. ಇವೆರಡನ್ನೂ ಆಫೀಸಿನ ಮೇಜಿನ ಕೆಳಗೆ ಫೋನ್ ಇಟ್ಟುಕೊಂಡು ಕದ್ದು ನೋಡಿದೆ. ಅದನ್ನು ನೋಡಿದ್ದು ಅನ್ನುವ ಹಾಗಿಲ್ಲ, ಬಿಡಿ. ಆಸ್ಟ್ರೇಲಿಯಾ ಬಂತೆಂದರೆ ಮಾತ್ರ ಮುಗಿಯಿತು. ಬೆಲ್ಸ್ ಬೀಚ್‌ನ ಬೆಳಗಿನ ಏಳೂವರೆ ನಮ್ಮ ನಸುಕಿನ ಮೂರು ಗಂಟೆ.

ಇಷ್ಟು ಕಷ್ಟಪಟ್ಟು ಎದ್ದರೂ ಆಟ ಇರುತ್ತದೆ ಅನ್ನುವ ಗ್ಯಾರಂಟಿ ಇಲ್ಲ! ಕ್ರಿಕೆಟ್ಟಿನ ಹಾಗೆ ಇಂಥ ದಿನ ಇಷ್ಟು ಗಂಟೆಗೆ ಅಂತ ಇಲ್ಲಿ ಹೇಳುವುದಿಲ್ಲ. ಹತ್ತು ಹನ್ನೆರಡು ದಿನದ ಅವಧಿ ಹಾಕಿರುತ್ತಾರೆ. ಪ್ರತಿದಿನ ಬೆಳಿಗ್ಗೆ ಸಮುದ್ರ ನೋಡಿ 'ಇವತ್ತು ಉಂಟು' ಅಥವಾ 'ಇವತ್ತಿಲ್ಲ' ಎಂದು ಹೇಳುತ್ತಾರೆ. ಏಪ್ರಿಲ್‌ನಲ್ಲಿ ಒಂದು ನಸುಕಿನಲ್ಲಿ ಅಲಾರಾಂ ಹೊಡೆಸಿಕೊಂಡು ಎದ್ದು, ಕಣ್ಣು ಉಜ್ಜಿಕೊಂಡು ಫೋನ್ ತೆರೆದೆ. ಇವತ್ತಿಲ್ಲ. ಅಡುಗೆಮನೆಯಲ್ಲಿ ನೀರು ಕುಡಿಯುತ್ತ ನಿಂತಿದ್ದೆ, ಅವ್ವ ಎದ್ದು ಬಂದಳು.

"ಏನೋ, ಈ ಹೊತ್ನ್ಯಾಗ ಏನ್ ಮಾಡಾಕತ್ತಿ?"

"ಅಲಿ ಬಂದಿಲ್ಲಂತ ಬೇ. ನಾಳೆ ನೋಡ್ತಾರಂತ."

"ನಳದ ನೀರಿನ ಗತಿನ ಆತಲ್ಲೋ ಇದೂ!"

ಅವ್ವ ಹೇಳಿದ್ದು ಸುಳ್ಳಲ್ಲ. ನಮ್ಮ ಓಣಿಗೆ ನೀರು ಬಿಡುವುದು ವಾರಕ್ಕೊಮ್ಮೆ. ಯಾವ ದಿನ, ಎಷ್ಟು ಹೊತ್ತಿಗೆ, ಯಾರೂ ಖಚಿತವಾಗಿ ಹೇಳುವುದಿಲ್ಲ. ನಳ ತೆರೆದಿಟ್ಟು, ಕೆಳಗೆ ಕೊಡ ಇಟ್ಟು ಮಲಗುವುದು. ಮೊದಲು ಸುಸ್ಸ್ ಎಂದು ಗಾಳಿ ಬರುತ್ತದೆ, ಆಮೇಲೆ ನೀರು. ಆ ಗಾಳಿ ಸಪ್ಪಳಕ್ಕೇ ಇಡೀ ಓಣಿ ಎದ್ದು ಕೂರುತ್ತದೆ. ಸರ್ಫಿಂಗ್ ಲೈವ್ ನೋಡುವ ಮಜಾ ಇರುವುದೂ ಅಲ್ಲೇ. ದೂರದ ನೀರಿನಲ್ಲಿ ಒಂದು ಕಪ್ಪು ಗೆರೆ ಏಳುತ್ತದೆ. ಅದು ಅಲೆಗಳ ಗುಂಪು, ಸೆಟ್ ಅನ್ನುತ್ತಾರೆ. ಅದನ್ನು ನೋಡಿ ಹಾಸಿಗೆಯಲ್ಲಿ ಎದ್ದು ಕೂತರೆ ನೀವು ಪಳಗಿದಿರಿ ಅಂತ ಅರ್ಥ.

ಹಾಗಂತ ಲೈವ್ ಶ್ರೇಷ್ಠ ಅನ್ನಲಾರೆ. ಒಂದು ದಿನದ ಆಟ ಏಳೆಂಟು ಗಂಟೆ ನಡೆಯುತ್ತದೆ. ಫೋನಿನ ದಿನದ ಡೇಟಾ ಅರ್ಧ ದಾರಿಗೇ ಖಾಲಿ. ಮರುದಿನ ಆಫೀಸಿನಲ್ಲಿ ತೂಕಡಿಕೆ ಬೇರೆ.

ಹೀಗಾಗಿ ರಿಪ್ಲೇಗೆ ಬಂದೆ. ಇಲ್ಲಿ ನನಗೆ ದೊಡ್ಡ ಉಪಕಾರ ಮಾಡಿದ್ದು ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸು. ಒಂದು ಹೀಟ್ ಅಂದರೆ ಒಂದು ಸುತ್ತಿನ ಸೆಣಸಾಟ, ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಮೂವತ್ತೈದು ನಿಮಿಷ. ಜುಬಿಲಿ ಸರ್ಕಲ್‌ನಲ್ಲಿ ಹತ್ತಿ ಕಿಟಕಿ ಸೀಟು ಹಿಡಿದು ಇಯರ್‌ಫೋನ್ ಹಾಕಿದರೆ ಹೊಸೂರು ಬರುವಷ್ಟರಲ್ಲಿ ಒಂದು ಹೀಟ್ ಪೂರ್ತಿ. ಹೋಗುವಾಗ ಒಂದು, ಬರುವಾಗ ಒಂದು. ಅಳತೆ ತೆಗೆದು ಹೊಲಿದ ಹಾಗೆ!

ಆಟದ ಒಳಗುಟ್ಟು ತಿಳಿದದ್ದೂ ಚಿಗರಿಯಲ್ಲೇ. ಐದು ಜನ ತೀರ್ಪುಗಾರರು ಪ್ರತಿ ಅಲೆಗೂ 10ಕ್ಕೆ ಅಂಕ ಕೊಡುತ್ತಾರೆ. ಅತಿ ಹೆಚ್ಚಿನದು, ಅತಿ ಕಡಿಮೆಯದು ಬಿಟ್ಟು ಉಳಿದ ಮೂರರ ಸರಾಸರಿ. ಎಷ್ಟು ಅಲೆ ಹಿಡಿದರೂ ಲೆಕ್ಕಕ್ಕೆ ಬರುವುದು ಚೆನ್ನಾಗಿರುವ ಎರಡೇ. ಇದರ ಮೇಲೆ ಪ್ರಯಾರಿಟಿ ಅಂತ ಒಂದಿದೆ. ಸರದಿ ಯಾರದೋ ಅವನಿಗೆ ತನಗೆ ಬೇಕಾದ ಅಲೆ ಹಿಡಿಯುವ ಹಕ್ಕು, ಇನ್ನೊಬ್ಬ ಅಡ್ಡ ಬಂದರೆ ದಂಡ. ಆದರೆ ಒಂದು ಅಲೆ ಹಿಡಿದ ಕೂಡಲೇ ಆ ಹಕ್ಕು ಹೋಯಿತು. ಕೈ ಬಡಿದು ಅಲೆ ತಪ್ಪಿಸಿಕೊಂಡರೂ ಹೋಯಿತು.

ಈಗ ಕೊನೆಯ ನಾಲ್ಕು ನಿಮಿಷ ಕಲ್ಪಿಸಿಕೊಳ್ಳಿ. ಅಂಕದಲ್ಲಿ ಮುಂದಿರುವವನ ಹತ್ತಿರ ಪ್ರಯಾರಿಟಿ ಇದೆ. ಹಿಂದಿರುವವನಿಗೆ ಒಂದೇ ಒಂದು ಒಳ್ಳೆ ಅಲೆ ಬೇಕು. ಅಲೆ ಬರುತ್ತದೆ. ಮುಂದಿನವನು ಹೊರಳಿ ಹೊರಟವನ ಹಾಗೆ ನಟಿಸುತ್ತಾನೆ. ಹಿಂದಿನವನು ಅಲ್ಲೇ ನಿಲ್ಲುತ್ತಾನೆ. ಮುಂದಿನವನು ಕೊನೇ ಕ್ಷಣದಲ್ಲಿ ಬೋರ್ಡು ಹಿಂದಕ್ಕೆಳೆದುಕೊಂಡು ಸುಮ್ನೆ ಕೂತುಬಿಡುತ್ತಾನೆ. ಅಲೆ ಇಬ್ಬರಿಗೂ ಸಿಗದೆ ದಡಕ್ಕೆ ಹೋಯಿತು. ಏನೂ ಆಗಲಿಲ್ಲ, ಆದರೆ ಹೀಟ್ ಮುಗಿದದ್ದು ಅಲ್ಲೇ. ಇಂಥ ಒಂದು ನಾಲ್ಕು ನಿಮಿಷದಲ್ಲಿ ನಾನು ನವನಗರದ ಸ್ಟಾಪಿನಲ್ಲಿ "ಹೋಗಬ್ಯಾಡ ಲೇ!" ಎಂದು ಜೋರಾಗಿಯೇ ಅಂದುಬಿಟ್ಟೆ. ಇಳಿಯಲು ಎದ್ದಿದ್ದ ಅಜ್ಜ ಮತ್ತೆ ಕೂತುಬಿಟ್ಟರು.

ರಿಪ್ಲೇಗೆ ಒಂದೇ ಕಂಟಕ, ಫಲಿತಾಂಶ ಮೊದಲೇ ಗೊತ್ತಾಗುವುದು. ಆ್ಯಪ್ ತೆರೆದರೆ ಗೆದ್ದವನ ನಗುಮುಖವೇ ದೊಡ್ಡದಾಗಿ ಎದುರಿಗೆ. ನೋಟಿಫಿಕೇಶನ್ ಎಲ್ಲ ಬಂದ್ ಮಾಡಿದೆ. ನಾನೇ ಹುಚ್ಚು ಹಿಡಿಸಿದ ದೋಸ್ತ್ ಒಬ್ಬನಿದ್ದಾನೆ. ಅವನ ಬಾಯಿ ಬಂದ್ ಮಾಡಲು ಆಗಲಿಲ್ಲ. ಮಿರ್ಚಿ ತಿನ್ನುತ್ತ "ಬೆಲ್ಸ್‌ನ್ಯಾಗ ರಾಬಿನ್ಸನ್ ಗಂಟಿ ಹೊಡದಾ ನೋಡು" ಎಂದುಬಿಟ್ಟ. ಬೆಲ್ಸ್‌ನಲ್ಲಿ ಗೆದ್ದವರಿಗೆ ಕೊಡುವ ಟ್ರೋಫಿಯಲ್ಲಿ ಗಂಟೆ ಇರುತ್ತದೆ, ಎತ್ತಿ ಬಾರಿಸುತ್ತಾರೆ. ಜಾಕ್ ರಾಬಿನ್ಸನ್ ಬಾರಿಸಿದ್ದನ್ನು ನಾನು ಎರಡು ದಿನದ ಮೇಲೆ, ಸಪ್ಪೆ ಮುಖ ಮಾಡಿಕೊಂಡು ನೋಡಿದೆ.

ಇನ್ನು ತುಣುಕು. ಜೂನ್ ಹೊತ್ತಿಗೆ ಕೆಲಸ ಜಾಸ್ತಿಯಾಗಿ ಬ್ರೆಜಿಲ್‌ನ ಸಾಕ್ವರೆಮಾ ಪೂರ್ತಿ ತುಣುಕಿನಲ್ಲೇ ಮುಗಿಸಿದೆ. ಕೋಲ್ ಹೌಶ್‌ಮಂಡ್ ಗೆದ್ದ, ಹೆಂಗಸರಲ್ಲಿ ಮಾಲಿ ಪಿಕ್ಲಮ್. ಅಷ್ಟು ಬಿಟ್ಟು ಆ ಪಂದ್ಯದ್ದು ಒಂದೂ ನೆನಪಿಲ್ಲ. ಒಂದರ ಹಿಂದೊಂದು ಅಲೆ, ಎಲ್ಲವೂ ಚಂದ, ಯಾರೂ ಕಾಯುವುದಿಲ್ಲ, ಯಾರೂ ಅಲೆ ಬಿಟ್ಟುಕೊಡುವುದಿಲ್ಲ. ಒಗ್ಗರಣೆ ಒಂದನ್ನೇ ಚಮಚೆಯಲ್ಲಿ ತಿಂದ ಹಾಗೆ.

ತುಣುಕಿನಲ್ಲಿ ಸೋತವರೂ ಇರುವುದಿಲ್ಲ. 2025ರಲ್ಲಿ ಆಸ್ಟ್ರೇಲಿಯಾದ ಮಾರ್ಗರೆಟ್ ರಿವರ್‌ನಲ್ಲಿ ಸೀಸನ್ನಿನ ಮಧ್ಯದ ಕತ್ತರಿ ಬಿತ್ತು. 36 ಗಂಡಸರಲ್ಲಿ 22 ಮಂದಿ, 18 ಹೆಂಗಸರಲ್ಲಿ 10 ಮಂದಿ ಮಾತ್ರ ಮುಂದಕ್ಕೆ. ಉಳಿದವರು ಆ ವರ್ಷದ ಟೂರ್‌ನಿಂದ ಹೊರಗೆ. ಅಲ್ಲಿ 37 ವರ್ಷದ ಜೋರ್ಡಿ ಸ್ಮಿತ್ ಗೆದ್ದದ್ದು ತುಣುಕಿನಲ್ಲಿ ಸಿಗುತ್ತದೆ. ಸೋತವನು ನೀರಿನಲ್ಲಿ ಬೋರ್ಡಿನ ಮೇಲೆ ಸುಮ್ಮನೆ ಕೂತು, ದಡಕ್ಕೆ ಬರಲು ಮನಸ್ಸಿಲ್ಲದೆ ಇರುವುದು ಪೂರ್ತಿ ರಿಪ್ಲೇಯಲ್ಲಿ ಮಾತ್ರ. ನನಗೆ ಅದೇ ಹೆಚ್ಚು ನೆನಪಿದೆ.

ತುಣುಕಿಗೆ ಸರಿಯಾಗಿ ಹೊಂದಿದ್ದು ಒಂದೇ ಪಂದ್ಯ, ಅಬುಧಾಬಿ. ಅಲ್ಲಿ ಆಟ ಸಮುದ್ರದಲ್ಲಲ್ಲ, ಕೊಳದಲ್ಲಿ ಯಂತ್ರ ಅಲೆ ಎಬ್ಬಿಸುತ್ತದೆ. ಎಲ್ಲರಿಗೂ ಒಂದೇ ಥರದ್ದು. ಸಮಯದ ವ್ಯತ್ಯಾಸವೂ ಬರೀ ಒಂದೂವರೆ ಗಂಟೆ, ಲೈವ್‌ಗೆ ಇಡೀ ಸೀಸನ್ನಿನಲ್ಲೇ ಸಲೀಸು. ಆದರೂ ಅರ್ಧಕ್ಕೇ ಎದ್ದುಹೋದೆ. ಬಟನ್ ಒತ್ತಿದರೆ ಬರುವ ಅಲೆಗೆ ಯಾರು ಕಾಯುತ್ತಾರೆ?

ಆಗಸ್ಟ್‌ನಲ್ಲಿ ಮಹಾಬಲಿಪುರಂನಲ್ಲಿ ಏಷ್ಯನ್ ಸರ್ಫಿಂಗ್ ನಡೆದು ನಮ್ಮ ರಮೇಶ್ ಬೂದಿಹಾಳ ಕಂಚು ಗೆದ್ದರು. ವೈಯಕ್ತಿಕ ವಿಭಾಗದಲ್ಲಿ ಭಾರತಕ್ಕೆ ಅದೇ ಮೊದಲ ಪದಕ. ಬೆಳೆದದ್ದು ಕೇರಳದ ಕೋವಳಂನಲ್ಲಿ, ಆದರೆ ಬೂದಿಹಾಳ ಅನ್ನುವ ಹೆಸರು ಕೇಳಿದರೆ ನಮ್ಮ ಕಡೆಯವರ ಕಿವಿ ನೆಟ್ಟಗಾಗದೆ ಇರುತ್ತದಾ? ಅದನ್ನೂ ನಾನು ನೋಡಿದ್ದು ತುಣುಕಿನಲ್ಲೇ. ಹೊಟ್ಟೆ ಉರಿಯುವುದು ಇದೊಂದಕ್ಕೆ.

ಸೆಪ್ಟೆಂಬರ್ 2ರ ಫಿಜಿ ಫೈನಲ್ಸ್ ನಮ್ಮಲ್ಲಿ ನಡುರಾತ್ರಿ ದಾಟಿದ ಮೇಲೆ. ಅದನ್ನು ಲೈವ್ ನೋಡಿದೆ. ಮೊದಲ ಐದು ಸ್ಥಾನದವರು, ಒಂದೇ ದಿನದ ಆಟ, ಬೇರೆ ದಾರಿ ಇರಲಿಲ್ಲ. ಯಾಗೊ ಡೊರಾ ಮತ್ತು ಮಾಲಿ ಪಿಕ್ಲಮ್ ಚಾಂಪಿಯನ್ ಆದರು.

ನನ್ನ ಲೆಕ್ಕ ಈಗ ಹೀಗಿದೆ: ದಿನಕ್ಕೆರಡು ಹೀಟ್ ಚಿಗರಿಯಲ್ಲಿ, ಕೊಳದ ಆಟ ತುಣುಕಿನಲ್ಲಿ, ಸೆಮಿಫೈನಲ್‌ನಿಂದ ಮುಂದೆ ಮಾತ್ರ ಲೈವ್. 2026ರ ಸೀಸನ್ನಿನ ಕ್ರಮವೇ ಬೇರೆ, ಏಪ್ರಿಲ್‌ನಲ್ಲಿ ಬೆಲ್ಸ್‌ನಿಂದ ಶುರುವಾಗಿ ಡಿಸೆಂಬರ್‌ನಲ್ಲಿ ಪೈಪ್‌ಲೈನ್‌ನಲ್ಲಿ ಮುಗಿಯುತ್ತದೆ. ಮತ್ತೆ ನಸುಕಿನ ಮೂರು ಗಂಟೆ ಎಂದು ಅವ್ವನಿಗೆ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ.

"ಹೆಂಗೂ ಏಳ್ತಿಯಲ್ಲ," ಎಂದಳು, "ನಳ ಸುಸ್ಸ್ ಅಂದ್ರ ಮೋಟಾರ್ ಹಚ್ಚು."